ಸಾಲವಿಲ್ಲದ ಊರು ಸಾಲಕ್ಕೆ ಸಿಕ್ಕಿದ್ದು: ಸ್ಕಾಟಿಯಾ ಪ್ರಕರಣ

ಮರದ ಮಿಲ್ಲನ್ನೇ ನಂಬಿಕೊಂಡ ಊರು ಹೇಗೆ ಮುಗಿಯುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. ಸುತ್ತಲಿನ ಕಾಡು ಖಾಲಿಯಾಗುತ್ತದೆ, ದಿಮ್ಮಿ ಬರುವುದು ನಿಲ್ಲುತ್ತದೆ, ಮಿಲ್ಲು ಮುಚ್ಚುತ್ತದೆ, ಜನ ಗಂಟುಮೂಟೆ ಕಟ್ಟುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೀಗೆ ಎದ್ದು ಬಿದ್ದ ಊರುಗಳು ಬೇಕಾದಷ್ಟಿವೆ.

ಉತ್ತರ ಕ್ಯಾಲಿಫೋರ್ನಿಯಾದ ಸ್ಕಾಟಿಯಾದ್ದು ಬೇರೆ ಕಥೆ. ಅದರ ಇಳಿಗಾಲ ಶುರುವಾದದ್ದು 1985ರಲ್ಲಿ. ಆ ವರ್ಷ ಅಲ್ಲಿನ ಕಂಪನಿಯ ಹತ್ತಿರ ಇದ್ದಷ್ಟು ಹಳೆಯ ರೆಡ್‌ವುಡ್ ಮರಗಳು ಬೇರೆ ಯಾವ ಖಾಸಗಿ ಮಾಲೀಕರ ಹತ್ತಿರವೂ ಇರಲಿಲ್ಲ. ಹೇಳಿಕೊಳ್ಳುವಂಥ ಸಾಲ ಇರಲಿಲ್ಲ. ಕೆಲಸದವರ ಪಿಂಚಣಿ ನಿಧಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ದುಡ್ಡಿತ್ತು. ಊರಿಗೆ ಕುತ್ತು ತಂದದ್ದು ಈ ಮೂರು ಒಳ್ಳೆಯ ಸಂಗತಿಗಳೇ ಎಂಬುದು ನನ್ನ ವಾದ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕಂಪನಿ ಕಟ್ಟಿದ ಊರು

ಸ್ಕಾಟಿಯಾ ಇರುವುದು ಹಂಬೋಲ್ಟ್ ಕೌಂಟಿಯಲ್ಲಿ, ಈಲ್ ನದಿಯ ದಂಡೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್. ಸಮುದ್ರದ ಕಡೆಯಿಂದ ಬೇಸಿಗೆಯಲ್ಲೂ ಮಂಜು ಒಳಗೆ ಬರುತ್ತದೆ. ಕರಾವಳಿ ರೆಡ್‌ವುಡ್‌ಗೆ ಬೇಕಾದದ್ದು ಅದೇ ಹವೆ. ಈ ಮರ 100 ಮೀಟರ್ ದಾಟಿ ಬೆಳೆಯಬಲ್ಲದು. ಕೆಲವು ಮರಗಳಿಗೆ 2000 ವರ್ಷ ಮೀರಿದ ವಯಸ್ಸು. ಕೆಂಪು ತಿರುಳಿನ ಮರಕ್ಕೆ ಹುಳು ಸುಲಭಕ್ಕೆ ಬೀಳುವುದಿಲ್ಲ, ನೀರಲ್ಲಿ ನೆಂದರೂ ಬೇಗ ಕೊಳೆಯುವುದಿಲ್ಲ. ರೈಲ್ವೆ ಸ್ಲೀಪರ್, ನೀರಿನ ತೊಟ್ಟಿ, ದ್ರಾಕ್ಷಾರಸದ ಪೀಪಾಯಿ, ಗೋಡೆಯ ಹಲಗೆ, ಹೀಗೆ ಎಲ್ಲದಕ್ಕೂ ಇದೇ ಮರ ಬೇಕಾಗುತ್ತಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ನೆಲಸಮವಾದ ಸ್ಯಾನ್ ಫ್ರಾನ್ಸಿಸ್ಕೊವನ್ನು ಮತ್ತೆ ಕಟ್ಟಲು ಈ ಕರಾವಳಿಯಿಂದ ರಾಶಿರಾಶಿ ನಾಟಾ ಹೋಯಿತು.

ಪೆಸಿಫಿಕ್ ಲಂಬರ್ ಕಂಪನಿ ಶುರುವಾದದ್ದು 1863ರಲ್ಲಿ. ನದಿ ದಂಡೆಯಲ್ಲಿ ಮಿಲ್ಲು ಎದ್ದು ಅದರ ಸುತ್ತ ಊರು ಬೆಳೆದದ್ದು 1880ರ ದಶಕದಲ್ಲಿ. ಮೊದಲು ಅದರ ಹೆಸರು ಫಾರೆಸ್ಟ್‌ವಿಲ್. ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಿನ ಇನ್ನೊಂದು ಊರಿದ್ದ ಕಾರಣ 1888ರಲ್ಲಿ ಸ್ಕಾಟಿಯಾ ಆಯಿತು. ಕೆನಡಾದ ನೋವಾ ಸ್ಕಾಟಿಯಾ ಕಡೆಯಿಂದ ಬಂದ ಕೆಲಸಗಾರರು ಇಲ್ಲಿ ಬಹಳ ಇದ್ದರು.

ಇಲ್ಲಿ ಎಲ್ಲವೂ ಕಂಪನಿಯದೇ. ಮನೆ, ಅಂಗಡಿ, ರಸ್ತೆ, ನೀರು, ಕರೆಂಟು, ಚರಂಡಿ, ಎಲ್ಲ. ಊರಿನಲ್ಲಿದ್ದದ್ದು ಸುಮಾರು 270 ಮನೆ. ಅಗ್ಗದ ಬಾಡಿಗೆ. ಸೂರು ಸೋರಿದರೆ, ಬಣ್ಣ ಮಾಸಿದರೆ ಕಂಪನಿಯ ಆಳು ಬಂದು ಸರಿ ಮಾಡುತ್ತಿದ್ದ. ಮಕ್ಕಳು ಕಾಲೇಜಿಗೆ ಹೋದರೆ ವಿದ್ಯಾರ್ಥಿವೇತನ ಸಿಗುತ್ತಿತ್ತು. 1920ರ ಹೊತ್ತಿಗೆ ಊರಿನಲ್ಲಿ ವಿನೀಮಾ ಎಂಬ ಚಿತ್ರಮಂದಿರ ಎದ್ದಿತು. ಬ್ಯಾಂಕಿಗೆ ಗ್ರೀಕ್ ದೇಗುಲದ ಆಕಾರ ಕೊಟ್ಟರು, ಆದರೆ ಕಂಬಗಳು ಅಮೃತಶಿಲೆಯವಲ್ಲ, ತೊಗಟೆ ಸಹಿತ ನಿಂತ ರೆಡ್‌ವುಡ್ ಬೊಡ್ಡೆಗಳು. ಅಪ್ಪ ಮಿಲ್ಲಿನಲ್ಲಿ, ಮಗ ಮಿಲ್ಲಿನಲ್ಲಿ, ಮೊಮ್ಮಗನೂ ಅಲ್ಲೇ. ಇಂಥ ಊರಲ್ಲಿ ಮಾಲೀಕ ಒಳ್ಳೆಯವನಾದರೆ ಬದುಕು ಚೆನ್ನ. ಮಾಲೀಕ ಬದಲಾದರೆ ಹಿಡಿದು ನಿಲ್ಲಲು ಜನರಿಗೆ ತಮ್ಮದು ಎನ್ನುವ ಒಂದು ಗೋಡೆಯೂ ಇಲ್ಲ.

ಮರ್ಫಿ ಕುಟುಂಬದ ಲೆಕ್ಕ

20ನೇ ಶತಮಾನದ ಬಹುಭಾಗ ಕಂಪನಿಯನ್ನು ನಡೆಸಿದ್ದು ಮರ್ಫಿ ಕುಟುಂಬ. 1930ರ ದಶಕದಿಂದ ಅವರು ಕಡಿತದ ಕ್ರಮ ಬದಲಿಸಿದರು. ಒಂದು ಗುಡ್ಡವನ್ನು ಪೂರ್ತಿ ಬೋಳಿಸುವ ಬದಲು ಆಯ್ದ ಮರಗಳನ್ನು ಮಾತ್ರ ಕಡಿದು ಉಳಿದವನ್ನು ನಿಲ್ಲಿಸುವುದು. ವರ್ಷಕ್ಕೆ ಕಾಡು ಎಷ್ಟು ಬೆಳೆಯುತ್ತದೋ ಅದನ್ನು ನೋಡಿಕೊಂಡು ಕೊಯ್ಯುವುದು. ರೆಡ್‌ವುಡ್‌ನ ಒಂದು ಗುಣ ಇದಕ್ಕೆ ಅನುಕೂಲವಾಗಿತ್ತು. ಕಡಿದ ಬೊಡ್ಡೆಯ ಬುಡದಿಂದಲೇ ಅದು ಮತ್ತೆ ಚಿಗುರುತ್ತದೆ.

ಇವರನ್ನು ಕಾಡಿನ ಭಕ್ತರು ಎಂದು ನಾನು ಹೇಳುತ್ತಿಲ್ಲ. ಅವರೂ ಸಾವಿರ ವರ್ಷದ ಮರಗಳನ್ನು ಕಡಿದವರೇ. 1931ರಲ್ಲಿ ಬುಲ್ ಕ್ರೀಕ್‌ನ ಅದ್ಭುತ ಕಾಡನ್ನು ಸೇವ್ ದಿ ರೆಡ್‌ವುಡ್ಸ್ ಲೀಗ್ ಎಂಬ ಕಾಡು ಉಳಿಸುವ ಸಂಘ ಮತ್ತು ರಾಜ್ಯ ಸರ್ಕಾರಕ್ಕೆ ಕೊಟ್ಟದ್ದು ದಾನವಾಗಿ ಅಲ್ಲ, ವರ್ಷಗಟ್ಟಲೆ ಚೌಕಾಸಿ ಮಾಡಿ ಬೆಲೆ ತೆಗೆದುಕೊಂಡೇ. ಆದರೆ ಅವರ ಲೆಕ್ಕ ದೂರದ್ದು. ಮಿಲ್ಲು ಮೊಮ್ಮಕ್ಕಳ ಕಾಲಕ್ಕೂ ಓಡಬೇಕು ಎಂದು ಅವರು ಬಯಸಿದ್ದರು.

ಅಕ್ಕಪಕ್ಕದ ಕಂಪನಿಗಳು ತಮ್ಮ ಹಳೆ ಕಾಡನ್ನು ಬೇಗಬೇಗ ಕಡಿದು ಮುಗಿಸಿದವು. ಹಾಗಾಗಿ 1980ರ ದಶಕಕ್ಕೆ ಬರುವ ಹೊತ್ತಿಗೆ ಹಳೆಯ ದೊಡ್ಡ ಮರ ಬೇಕೆಂದರೆ ಪೆಸಿಫಿಕ್ ಲಂಬರ್ ಬಳಿಯೇ ಬರಬೇಕು ಎನ್ನುವ ಸ್ಥಿತಿ. ವರ್ಷ ಹೋದಂತೆ ಆ ಮರದ ಬೆಲೆ ಏರುತ್ತಲೇ ಇತ್ತು.

ಈಗ ಈ ಪ್ರಕರಣದ ಮುಖ್ಯ ಗಂಟಿಗೆ ಬರೋಣ. ಅಷ್ಟು ಕಾಡಿದ್ದರೂ ಅದರಲ್ಲಿ ಎಷ್ಟು ಮರವಿದೆ ಎಂದು ಕಂಪನಿ ಪೂರ್ತಿಯಾಗಿ ಲೆಕ್ಕ ಹಾಕಿಸಿದ್ದು ಕೊನೆಯ ಬಾರಿಗೆ 1956ರಲ್ಲಿ. ಅಂದರೆ ಸುಮಾರು 30 ವರ್ಷದ ಬೆಳವಣಿಗೆ ಪುಸ್ತಕದಲ್ಲಿ ಸರಿಯಾಗಿ ಬಂದಿರಲಿಲ್ಲ. ಷೇರುಗಳು ನ್ಯೂಯಾರ್ಕ್ ಪೇಟೆಯಲ್ಲಿ ಓಡಾಡುತ್ತಿದ್ದವು. ಕುಟುಂಬದ ಕೈಯಲ್ಲಿ ಉಳಿದಿದ್ದದ್ದು ಅದರ ಸಣ್ಣ ಪಾಲು. ಷೇರಿನ ಬೆಲೆ ನಿಂತಿದ್ದು ಗೊತ್ತಿದ್ದ ಲೆಕ್ಕದ ಮೇಲೆ, ಕಾಡಿನಲ್ಲಿ ನಿಂತಿದ್ದ ಮರದ ಮೇಲೆ ಅಲ್ಲ. ಈ ಎರಡರ ನಡುವಿನ ಅಂತರವನ್ನು ಯಾರಾದರೂ ಕಂಡುಹಿಡಿದರೆ ಸಾಕಾಗಿತ್ತು.

ಕಂಪನಿಯ ಮರವನ್ನೇ ಅಡವಿಟ್ಟು ಕಂಪನಿ ಕೊಂಡದ್ದು

ಕಂಡುಹಿಡಿದದ್ದು ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಚಾರ್ಲ್ಸ್ ಹರ್ವಿಟ್ಜ್. ಅವರ ಕಂಪನಿ ಮ್ಯಾಕ್ಸಾಮ್. 1985ರ ಶರತ್ಕಾಲದಲ್ಲಿ ಮ್ಯಾಕ್ಸಾಮ್ ಪೆಸಿಫಿಕ್ ಲಂಬರ್‌ನ ಷೇರುಗಳಿಗೆ ಬೆಲೆ ಕೂಗಿತು. ನಿರ್ದೇಶಕ ಮಂಡಳಿ ಮೊದಲು ವಿರೋಧಿಸಿತು. ಷೇರಿಗೆ 40 ಡಾಲರ್ ಎಂದಾಗ ಅಕ್ಟೋಬರ್‌ನಲ್ಲಿ ಒಪ್ಪಿತು. ಮರ್ಫಿ ಕುಟುಂಬದ ಕೆಲವರು ಕೋರ್ಟಿಗೆ ಹೋದರು, ಕೆಲಸದವರು ಬಹಿರಂಗವಾಗಿ ವಿರೋಧ ಹೇಳಿದರು. ಅದರಿಂದ ಏನೂ ನಿಲ್ಲಲಿಲ್ಲ. 1986ರ ಆರಂಭಕ್ಕೆ ಕಂಪನಿ ಪೂರ್ತಿ ಕೈ ಬದಲಾಯಿತು.

ಒಟ್ಟು ಬೆಲೆ 80 ಕೋಟಿ ಡಾಲರಿಗೂ ಮೇಲೆ. ಅದರಲ್ಲಿ ಹರ್ವಿಟ್ಜ್ ಕಡೆಯ ಸ್ವಂತ ದುಡ್ಡು ಕಡಿಮೆ. ಹೆಚ್ಚಿನದು ಸಾಲ. ಡ್ರೆಕ್ಸೆಲ್ ಬರ್ನ್‌ಹ್ಯಾಮ್ ಲ್ಯಾಂಬರ್ಟ್ ಎಂಬ ಸಂಸ್ಥೆ, ಇಂಥ ಸಾಲದ ವ್ಯಾಪಾರಕ್ಕೆ ಹೆಸರಾದ ಮೈಕಲ್ ಮಿಲ್ಕನ್ ಇದ್ದ ಸಂಸ್ಥೆ, ಜಂಕ್ ಬಾಂಡ್ ಮಾರಿ ಈ ಹಣ ಎತ್ತಿಕೊಟ್ಟಿತು. ಜಂಕ್ ಬಾಂಡ್ ಅಂದರೆ ಅಪಾಯ ಜಾಸ್ತಿ, ಬಡ್ಡಿಯೂ ಜಾಸ್ತಿ ಇರುವ ಸಾಲಪತ್ರ. ಬಡ್ಡಿ ಎರಡಂಕಿಯಲ್ಲಿತ್ತು. ಕೊಳ್ಳಲು ಮಾಡಿದ ಈ ಸಾಲ ತೀರಿಸುವ ಹೊಣೆ ಬಿದ್ದದ್ದು ಕೊಂಡ ಕಂಪನಿಯ ಮೇಲೆಯೇ. ಅಂದರೆ ಸ್ಕಾಟಿಯಾದ ಮಿಲ್ಲು ತನ್ನನ್ನು ತಾನೇ ಇನ್ನೊಬ್ಬರಿಗೆ ಕೊಡಿಸಿಕೊಂಡು ಅದರ ಕಂತನ್ನೂ ತಾನೇ ಕಟ್ಟಬೇಕಾಯಿತು.

ಮೊದಲು ಬೇರೆ ಆಸ್ತಿಗಳು ಹೋದವು. ಕಂಪನಿಯ ವೆಲ್ಡಿಂಗ್ ಸಲಕರಣೆ ವಿಭಾಗ ಚೆನ್ನಾಗಿ ನಡೆಯುತ್ತಿತ್ತು, ಅದನ್ನು ಮಾರಿದರು. ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿ ಕಟ್ಟಡ ಮಾರಿದರು. ಅಷ್ಟರಿಂದ ಆಗಲಿಲ್ಲ. ಉಳಿದದ್ದು ಕಾಡು. ಕಡಿತ ಎರಡು ಪಟ್ಟು ದಾಟಿತು. ಆಯ್ದು ಕಡಿಯುವ ಪದ್ಧತಿ ಬಿಟ್ಟು ಗುಡ್ಡಕ್ಕೆ ಗುಡ್ಡವನ್ನೇ ಬೋಳಿಸುವ ಪದ್ಧತಿ ಬಂತು.

ಹರ್ವಿಟ್ಜ್ ಸ್ಕಾಟಿಯಾಗೆ ಬಂದು ಕೆಲಸದವರ ಸಭೆಯಲ್ಲಿ ಮಾತಾಡುವಾಗ, ಚಿನ್ನ ಯಾರ ಕೈಯಲ್ಲಿದೆಯೋ ಆಳುವವರು ಅವರೇ ಎಂಬ ಅರ್ಥದ ಮಾತು ಹೇಳಿದರು. ಆ ಮಾತು ಹಂಬೋಲ್ಟ್‌ನಲ್ಲಿ ಇಂದಿಗೂ ಮರೆತಿಲ್ಲ.

ಸುಗ್ಗಿಯಂತೆ ಕಂಡ ವರ್ಷಗಳು

ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಮಾಲೀಕತ್ವ ಬದಲಾದ ತಕ್ಷಣ ಊರು ಸೊರಗಲಿಲ್ಲ. ಉಲ್ಟಾ, ಕೈತುಂಬ ಕೆಲಸ ಬಂತು. ಹೊಸಬರನ್ನು ಸೇರಿಸಿಕೊಂಡರು. ಪಾಳಿ ಉದ್ದವಾಯಿತು, ಓವರ್‌ಟೈಮ್ ದುಡ್ಡು ಸೇರಿ ಸಂಬಳದ ಚೀಟಿ ದಪ್ಪವಾಯಿತು. ಹೊಸ ಪಿಕಪ್ ಟ್ರಕ್ ಕೊಂಡವರು, ನದಿಯ ಆಚೆ ರಿಯೊ ಡೆಲ್‌ನಲ್ಲಿ ಸಾಲ ಮಾಡಿ ಮನೆ ಕೊಂಡವರು ಇದ್ದರು. ಇನ್ನೊಂದು ಕಡೆ ಹಳೆಯ ಕೆಲಸಗಾರರಲ್ಲಿ ಕೆಲವರಿಗೆ ಆಗಲೇ ಲೆಕ್ಕ ಗೊತ್ತಾಗಿತ್ತು. ಈ ವೇಗದಲ್ಲಿ ಕಡಿದರೆ ತಮ್ಮ ನಿವೃತ್ತಿಗೆ ಮೊದಲೇ ದೊಡ್ಡ ದಿಮ್ಮಿ ಮುಗಿಯುತ್ತದೆ, ಅಲ್ವಾ? ಅವರು ಸೇರಿಕೊಂಡು ಕಂಪನಿಯನ್ನು ಕೆಲಸದವರೇ ಕೊಂಡುಕೊಳ್ಳುವ ಯೋಜನೆ ಹಾಕಿದರು. ಸಭೆಗಳೂ ನಡೆದವು. ಮಾಲೀಕರು ಮಾರಲು ತಯಾರಿರಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಈ ಇಡೀ ಕಥೆಯಲ್ಲಿ ಬೇರೆ ದಾರಿ ಹಿಡಿಯಬಹುದಾಗಿದ್ದ ಜಾಗ ಇದ್ದರೆ ಅದು ಇದೇ ಎಂದು ನನಗೆ ಅನಿಸುತ್ತದೆ.

ಪಿಂಚಣಿಯದ್ದು ಇನ್ನೂ ನೋಯಿಸುವ ಅಧ್ಯಾಯ. ನಿಧಿಯಲ್ಲಿ ಕೆಲಸದವರಿಗೆ ಕೊಡಬೇಕಾದ್ದಕ್ಕಿಂತ ಸುಮಾರು 5.5 ಕೋಟಿ ಡಾಲರ್ ಜಾಸ್ತಿ ಇತ್ತು. ಹೊಸ ಆಡಳಿತ ಆ ನಿಧಿಯನ್ನು ಮುಚ್ಚಿತು. ಪಿಂಚಣಿ ಕೊಡುವ ಹೊಣೆಯನ್ನು ಎಕ್ಸಿಕ್ಯುಟಿವ್ ಲೈಫ್ ಎಂಬ ವಿಮಾ ಕಂಪನಿಗೆ ವಹಿಸಿ, ಮಿಕ್ಕಿದ ಹಣವನ್ನು ಸಾಲದ ಕಡೆಗೆ ತಿರುಗಿಸಿತು. ಎಕ್ಸಿಕ್ಯುಟಿವ್ ಲೈಫ್ ಯಾರು ಗೊತ್ತೇ? ಈ ಖರೀದಿಗಾಗಿ ಡ್ರೆಕ್ಸೆಲ್ ಮಾರಿದ ಜಂಕ್ ಬಾಂಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡವರಲ್ಲಿ ಒಬ್ಬರು. ಜಂಕ್ ಬಾಂಡ್ ಪೇಟೆ ಕುಸಿದಾಗ ಆ ವಿಮಾ ಕಂಪನಿಯೂ ಕುಸಿಯಿತು. 1991ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಜೀವಮಾನ ಗರಗಸದ ಮುಂದೆ ನಿಂತವರ ಪಿಂಚಣಿಗೆ ಸ್ವಲ್ಪ ಕಾಲ ಕತ್ತರಿ ಬಿತ್ತು. ಅವರು ಮೊಕದ್ದಮೆ ಹೂಡಿದರು. ಇಂಥ ಪ್ರಕರಣಗಳಲ್ಲಿ ಕೆಲಸಗಾರರಿಗೆ ನ್ಯಾಯ ಕೇಳುವ ಹಕ್ಕು ಗಟ್ಟಿ ಮಾಡಲು 1994ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ತಿದ್ದಬೇಕಾಯಿತು.

ಇದರ ನಡುವೆ 1992ರ ಏಪ್ರಿಲ್ 25ರಂದು 7.2 ತೀವ್ರತೆಯ ಭೂಕಂಪ ಆಯಿತು. ಮರುದಿನದ ಕಂಪನಗಳ ಹೊತ್ತಿಗೆ ಬೆಂಕಿ ಹೊತ್ತಿ ಸ್ಕಾಟಿಯಾದ ಅಂಗಡಿ ಸಾಲು ಸುಟ್ಟುಹೋಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ, ಆದರೆ ಊರಿಗೆ ಬಿದ್ದ ಪೆಟ್ಟುಗಳಲ್ಲಿ ಅದೂ ಒಂದು.

ಕಾಡಿನ ಜಗಳ

ಸ್ಕಾಟಿಯಾ ಜಗತ್ತಿಗೆ ಗೊತ್ತಾದದ್ದು ಮಿಲ್ಲಿನಿಂದಲ್ಲ, ಪ್ರತಿಭಟನೆಗಳಿಂದ. ಹೆಡ್‌ವಾಟರ್ಸ್ ಎಂದು ಕರೆಯುವ ಕಂಪನಿ ಕಾಡಿನಲ್ಲಿ ಹಳೆಯ ರೆಡ್‌ವುಡ್‌ಗಳ ಕೊನೆಯ ದೊಡ್ಡ ಖಾಸಗಿ ತೋಪು ಇತ್ತು. ಅದನ್ನು ಉಳಿಸಲು 1990ರ ಬೇಸಿಗೆಯಲ್ಲಿ ದೊಡ್ಡ ಚಳವಳಿ ಆಯಿತು. ಅದನ್ನು ಸಂಘಟಿಸುತ್ತಿದ್ದವರಲ್ಲಿ ಜೂಡಿ ಬಾರಿ ಒಬ್ಬರು. ಮಿಲ್ಲಿನ ಕೆಲಸಗಾರರೂ ಕಾಡು ಉಳಿಸುವವರೂ ಒಂದೇ ಕಡೆ ನಿಲ್ಲಬೇಕು ಎಂದು ಅವರು ಹೇಳುತ್ತಿದ್ದರು. 1990ರ ಮೇ 24ರಂದು ಓಕ್ಲೆಂಡ್‌ನಲ್ಲಿ ಅವರ ಕಾರಿನಲ್ಲಿ ಬಾಂಬ್ ಸಿಡಿದು ತೀವ್ರವಾಗಿ ಗಾಯಗೊಂಡರು. ಬಾಂಬ್ ಅವರದೇ ಎಂದು ಪೊಲೀಸರು ಅವರನ್ನೇ ಬಂಧಿಸಿದರು. ಕೊನೆಗೆ ಮೊಕದ್ದಮೆ ಹೂಡಲಿಲ್ಲ. 2002ರಲ್ಲಿ ಜ್ಯೂರಿ ಎಫ್‌ಬಿಐ ಮತ್ತು ಓಕ್ಲೆಂಡ್ ಪೊಲೀಸರ ವಿರುದ್ಧ ತೀರ್ಪು ಕೊಟ್ಟು 44 ಲಕ್ಷ ಡಾಲರ್ ಪರಿಹಾರ ಹೇಳಿತು. ಆಗ ಬಾರಿ ಬದುಕಿರಲಿಲ್ಲ.

ಹಳೆ ರೆಡ್‌ವುಡ್‌ನ ದಪ್ಪ ಕೊಂಬೆಯ ಪಾಚಿಯ ಮೇಲೆ ಮೊಟ್ಟೆ ಇಡುವ ಮಾರ್ಬಲ್ಡ್ ಮುರೆಲೆಟ್ ಎಂಬ ಕಡಲ ಹಕ್ಕಿಗೆ 1992ರಲ್ಲಿ ಒಕ್ಕೂಟ ಸರ್ಕಾರದ ರಕ್ಷಣೆ ಸಿಕ್ಕಿತು. ಅದಾದ ಮೇಲೆ ಕೋರ್ಟು ಕೇಸುಗಳು ಬಿಗಿಯಾದವು. 1997ರ ಹೊಸವರ್ಷದ ಹೊತ್ತಿಗೆ ಸ್ಕಾಟಿಯಾ ಪಕ್ಕದ ಸ್ಟಾಫರ್ಡ್ ಎಂಬ ಹಳ್ಳಿಯ ಮೇಲೆ ಗುಡ್ಡ ಜರಿದು ಏಳು ಮನೆ ಹಾಳಾದವು. ಮೇಲಿನ ಇಳಿಜಾರಿನಲ್ಲಿ ಮರ ಕಡಿಯಲಾಗಿತ್ತು. ಅದೇ ಗುಡ್ಡದ ನೆತ್ತಿಯ ರೆಡ್‌ವುಡ್ ಒಂದನ್ನು ಹತ್ತಿ 1997ರ ಡಿಸೆಂಬರ್ 10ರಿಂದ 1999ರ ಡಿಸೆಂಬರ್ 18ರವರೆಗೆ ಇಳಿಯದೆ ಕೂತವರು ಜೂಲಿಯಾ ಬಟರ್‌ಫ್ಲೈ ಹಿಲ್. ಅದು 738 ದಿನ. 1998ರ ಸೆಪ್ಟೆಂಬರ್‌ನಲ್ಲಿ ಪ್ರತಿಭಟನೆಗೆ ಬಂದಿದ್ದ ಯುವಕನೊಬ್ಬ ಉರುಳಿದ ಮರದ ಕೆಳಗೆ ಸಿಕ್ಕಿ ಸತ್ತ. ಅದೇ ವರ್ಷ ನವೆಂಬರ್‌ನಲ್ಲಿ ನಿಯಮ ಮುರಿದದ್ದಕ್ಕೆ ರಾಜ್ಯದ ಅರಣ್ಯ ಇಲಾಖೆ ಕಂಪನಿಯ ಕಡಿತದ ಲೈಸೆನ್ಸನ್ನೇ ಅಮಾನತು ಮಾಡಿತು.

ಊರಿನ ಜನ ಏನು ಅಂದುಕೊಂಡರು? ಬಹುಪಾಲು ಜನ ಕಂಪನಿಯ ಪರ ನಿಂತರು. ಅದರಲ್ಲಿ ಆಶ್ಚರ್ಯ ಇಲ್ಲ. ಕೂತಿರುವ ಮನೆ ಕಂಪನಿಯದು, ತಿನ್ನುವ ಅನ್ನ ಕಂಪನಿಯದು, ಗೇಟಿನ ಮುಂದೆ ಕೂಗುತ್ತಿರುವವರು ಹೊರಗಿನವರು. ಕೆಲಸ ಹೋಗುವುದು ಹಕ್ಕಿಯಿಂದ, ಚಳವಳಿಯವರಿಂದ ಎಂದು ನಂಬುವುದು ಸುಲಭವಾಗಿತ್ತು. ಬಡ್ಡಿ ಕೇಳುತ್ತಿದ್ದವರು ಊರ ಗೇಟಿನ ಮುಂದೆ ಯಾವತ್ತೂ ನಿಂತಿರಲಿಲ್ಲವಲ್ಲ.

1999ರ ಒಪ್ಪಂದ

ಕೊನೆಗೆ ಸರ್ಕಾರಗಳು ಕಾಡನ್ನು ಕೊಂಡವು. 1999ರ ಮಾರ್ಚ್ 1ರ ಮಧ್ಯರಾತ್ರಿ ಗಡುವು ಮುಗಿಯುವ ಸ್ವಲ್ಪ ಮುಂಚೆ ಒಪ್ಪಂದ ಆಯಿತು. ಒಕ್ಕೂಟ ಸರ್ಕಾರ 25 ಕೋಟಿ ಡಾಲರ್ ಕೊಟ್ಟಿತು. ಕ್ಯಾಲಿಫೋರ್ನಿಯಾದ ಪಾಲು ಮತ್ತು ಪಕ್ಕದ ತೋಪುಗಳಿಗೆ ಇಟ್ಟ ಹಣ ಸೇರಿ ಒಟ್ಟು 48 ಕೋಟಿ. 7,472 ಎಕರೆ ಹೆಡ್‌ವಾಟರ್ಸ್ ಕಾಡು ಸಾರ್ವಜನಿಕರದ್ದಾಯಿತು. ಉಳಿದ ಸುಮಾರು 2 ಲಕ್ಷ ಎಕರೆಗೆ 50 ವರ್ಷದ ವನ್ಯಜೀವಿ ರಕ್ಷಣಾ ಯೋಜನೆ ಅಂಟಿಕೊಂಡಿತು.

ಈ ಹಣದಿಂದ ಊರು ಚೇತರಿಸಿಕೊಳ್ಳಬೇಕಿತ್ತು. ಆಗಲಿಲ್ಲ. ಒಪ್ಪಂದಕ್ಕೆ ಎಂಟು ತಿಂಗಳು ಮುಂಚೆ, 1998ರ ಜುಲೈನಲ್ಲಿ, ಸ್ಕಾಟಿಯಾ ಪೆಸಿಫಿಕ್ ಎಂಬ ಮರಿ ಕಂಪನಿಯ ಹೆಸರಿನಲ್ಲಿ ಕಾಡನ್ನು ಅಡವಿಟ್ಟು 86.7 ಕೋಟಿ ಡಾಲರ್ ಬಾಂಡ್ ತೆಗೆದಿದ್ದರು. ಕೊಂಡಾಗಿನ ಸಾಲಕ್ಕಿಂತ ಕಾಡಿನ ಮೇಲಿನ ಸಾಲ ಈಗ ಕಡಿಮೆಯೇನೂ ಆಗಿರಲಿಲ್ಲ. ಆದರೆ ಕಡಿಯಲು ಉಳಿದಿದ್ದ ದೊಡ್ಡ ಮರ ಮಾತ್ರ ಬಹಳ ಕಡಿಮೆಯಾಗಿತ್ತು. 2001ರಲ್ಲಿ, ಹಳೆ ಮರದ ದಪ್ಪ ದಿಮ್ಮಿ ಕೊಯ್ಯಲು ಕಟ್ಟಿದ್ದ ಬಿ ಮಿಲ್ಲು ಮುಚ್ಚಿತು. ಸಣ್ಣ ದಿಮ್ಮಿಗೆ ಹೊಸ ಯಂತ್ರ ಹಾಕಿದರು. ಹೊಸ ಯಂತ್ರಕ್ಕೆ ಕೆಲಸದವರು ಕಡಿಮೆ ಸಾಕು.

ಕಂಪನಿಯ ವಾದವನ್ನೂ ಹೇಳಬೇಕು. ಒಪ್ಪಂದದಲ್ಲಿ ಮಾತು ಕೊಟ್ಟಷ್ಟು ಕಡಿಯಲು ರಾಜ್ಯದ ನೀರು ಮಂಡಳಿ ಬಿಡಲಿಲ್ಲ, ಫ್ರೆಶ್‌ವಾಟರ್ ಮತ್ತು ಎಲ್ಕ್ ರಿವರ್ ಕಣಿವೆಗಳಲ್ಲಿ ಮಿತಿ ಹಾಕಿತು, ಅದರಿಂದ ಕಂತು ಕಟ್ಟಲಾಗಲಿಲ್ಲ ಎನ್ನುವುದು ಅವರ ದೂರು. ಮಿತಿ ಹಾಕಿದ್ದು ನಿಜ. ಆದರೆ ಯಾಕೆ ಹಾಕಿದರು? ಆ ಕಣಿವೆಗಳಲ್ಲಿ ಹಳ್ಳಗಳು ಹೂಳು ತುಂಬಿ, ಕೆಳಗಿನ ಮನೆಗಳಿಗೆ ನೀರು ನುಗ್ಗುತ್ತಿತ್ತು. ಮಿತಿ ಇಲ್ಲದಿದ್ದರೆ ಇನ್ನು ಕೆಲವು ವರ್ಷ ಕಂತು ಕಟ್ಟಬಹುದಿತ್ತೇನೋ. ಅಷ್ಟು ಬಡ್ಡಿ ತೀರುವ ವೇಗದಲ್ಲಿ ಯಾವ ಕಾಡೂ ಬೆಳೆಯುವುದಿಲ್ಲ ಎಂಬ ಮೂಲ ಸಮಸ್ಯೆ ಹಾಗೆಯೇ ಇರುತ್ತಿತ್ತು.

ದಿವಾಳಿ, ಆಮೇಲೆ

2007ರ ಜನವರಿಯಲ್ಲಿ ಪೆಸಿಫಿಕ್ ಲಂಬರ್ ದಿವಾಳಿ ಅರ್ಜಿ ಹಾಕಿತು. ಅರ್ಜಿ ಹಾಕಿದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ. ಕಾಡಿನ ಬಾಂಡ್‌ಗಳ ಮೇಲೆ ಇನ್ನೂ ಸುಮಾರು 71 ಕೋಟಿ ಡಾಲರ್ ಬಾಕಿ ಇತ್ತು. ಸಾಲ ಕೊಟ್ಟವರ ನಡುವೆ ಜಗ್ಗಾಟ ನಡೆದು 2008ರ ಜುಲೈನಲ್ಲಿ ಕೋರ್ಟು ಒಂದು ಯೋಜನೆ ಒಪ್ಪಿತು. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ಫಿಶರ್ ಕುಟುಂಬದ ಮೆಂಡೊಸಿನೊ ರೆಡ್‌ವುಡ್ ಕಂಪನಿ ಕಾಡು ಮತ್ತು ಮಿಲ್ಲು ವಹಿಸಿಕೊಂಡಿತು. ಅದಕ್ಕೆ ಹಂಬೋಲ್ಟ್ ರೆಡ್‌ವುಡ್ ಎಂಬ ಹೊಸ ಕಂಪನಿ ಆಯಿತು. ಗುಡ್ಡ ಬೋಳಿಸುವುದಿಲ್ಲ, 1800ಕ್ಕಿಂತ ಹಿಂದಿನ ರೆಡ್‌ವುಡ್‌ಗಳನ್ನು ಕಡಿಯುವುದಿಲ್ಲ ಎಂಬ ನೀತಿ ಇಟ್ಟುಕೊಂಡಿತು. ಸುಮಾರು 75 ವರ್ಷ ಹಿಂದೆ ಮರ್ಫಿಗಳು ಹಿಡಿದಿದ್ದ ಆಯ್ದ ಕಡಿತದ ದಾರಿಗೇ ಮತ್ತೆ ಬಂದದ್ದು. ಈ ಬಾರಿ ಗುಡ್ಡದಲ್ಲಿ ಹೆಚ್ಚಾಗಿ ಇದ್ದದ್ದು ಎಳೆಯ ಮರ.

ಊರು ಮಾತ್ರ ಬೇರೆಯವರ ಪಾಲಾಯಿತು. ಮಿಲ್ಲಿನ ಮೇಲೆ ಸಾಲ ಕೊಟ್ಟಿದ್ದ ಮ್ಯಾರಥಾನ್ ಎಂಬ ಹಣಕಾಸು ಸಂಸ್ಥೆಗೆ ಮನೆ, ಅಂಗಡಿ, ಹೋಟೆಲ್, ಚಿತ್ರಮಂದಿರ ಎಲ್ಲ ಹೋಯಿತು. ಅದು ಮನೆಗಳನ್ನು ಒಂದೊಂದಾಗಿ ಮಾರಲು ಹೊರಟಿತು. ಅದು ಸುಲಭವಾಗಿರಲಿಲ್ಲ. ನೂರು ವರ್ಷಕ್ಕೂ ಮೇಲೆ ಒಬ್ಬನೇ ಮಾಲೀಕ ಇದ್ದ ಕಾರಣ ಮನೆಗಳಿಗೆ ಬೇರೆಬೇರೆ ನಿವೇಶನವೇ ಇರಲಿಲ್ಲ. ಭೂಮಿ ಅಳೆದು ತುಂಡು ಮಾಡಬೇಕು. ನೀರಿನ ಪೈಪು, ಚರಂಡಿ, ವಿದ್ಯುತ್ ಎಲ್ಲ ಹೊಸ ನಿಯಮಕ್ಕೆ ತಕ್ಕಂತೆ ಆಗಬೇಕು. ಆಮೇಲೆ ಇದನ್ನೆಲ್ಲ ನೋಡಿಕೊಳ್ಳಲು ಯಾರಾದರೂ ಬೇಕಲ್ಲ? 2010ರ ಜನಗಣತಿಯಲ್ಲಿ ಸ್ಕಾಟಿಯಾದಲ್ಲಿದ್ದವರು 850 ಜನ. ಅಷ್ಟು ಚಿಕ್ಕ ಊರಿನ ಮೇಲೆ ನೂರು ವರ್ಷದ ಹಳೆಯ ಪೈಪುಗಳ ಖರ್ಚು ಬಂದು ಕೂತಿತು.

2014ರಲ್ಲಿ ಜನ ಮತ ಹಾಕಿ ಸ್ಕಾಟಿಯಾ ಸಮುದಾಯ ಸೇವಾ ಜಿಲ್ಲೆಯನ್ನು ರಚಿಸಿಕೊಂಡರು. ಊರಿಗೆ ಚುನಾಯಿತ ಮಂಡಳಿ ಬಂದದ್ದು ಅದೇ ಮೊದಲು. ನೀರು, ಚರಂಡಿ, ಬೀದಿದೀಪ, ಬೆಂಕಿ ಆರಿಸುವ ವ್ಯವಸ್ಥೆ ಮುಂತಾದವು ಅದರ ಕೆಲಸ. ಮನೆಗಳು ನಿಧಾನವಾಗಿ ಮಾರಾಟವಾಗತೊಡಗಿದವು. ಕೊಂಡವರೆಲ್ಲ ಮಿಲ್ಲಿನವರಲ್ಲ. ಕೌಂಟಿಯ ಬೇರೆ ಕಡೆ ಕೆಲಸ ಮಾಡುವವರು, ನಿವೃತ್ತರು, ಅಗ್ಗದ ಮನೆ ಹುಡುಕಿ ಬಂದವರೂ ಇದ್ದರು. ಮಿಲ್ಲು ಮುಂದುವರಿಯಿತು, ಎರಡನೇ ತಲೆಮಾರಿನ ಸಣ್ಣ ದಿಮ್ಮಿಗಳನ್ನು ಕೊಯ್ಯುತ್ತ, ಹಿಂದಿನದಕ್ಕಿಂತ ಬಹಳ ಕಡಿಮೆ ಜನರನ್ನಿಟ್ಟುಕೊಂಡು. ಕಾಡಿನಲ್ಲಿ ಯಾವ ವರ್ಷ ಎಷ್ಟು ಕಡಿಯಬೇಕು ಎಂಬುದನ್ನು ಈಗಲೂ ಕಂಪನಿ ಮತ್ತು ರಾಜ್ಯ ಸರ್ಕಾರ ಸೇರಿ ತೀರ್ಮಾನಿಸುತ್ತವೆ. ಊರಿನ ಮಂಡಳಿಗೆ ಆ ವಿಷಯದಲ್ಲಿ ಮತ ಇಲ್ಲ.